ಎಸ್ಪ್ರೆಸೊ ಕಾಫಿಯ ಶಾಖವಿವೇಕ: ರಸಿಕರಿಗೊಂದು ಕೈಪಿಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆ ಚಹಾದ ಸೀಮೆ. ನಸುಕಿನ ಬಸ್ಸಿಗಾಗಿ ನಿಂತವರ ಕೈಯಲ್ಲಿಯೂ, ಸಂತೆ ಮುಗಿಸಿ ದಣಿವಾರಿಸಿಕೊಳ್ಳುವವರ ಕೈಯಲ್ಲಿಯೂ, ಬನದ ಹುಣ್ಣಿಮೆಯ ಚಳಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಬಂದಿಳಿದ ಭಕ್ತರ ಕೈಯಲ್ಲಿಯೂ ಕಾಣುವುದು ಚಹಾವೇ ಹೊರತು ಕಾಫಿಯಲ್ಲ. ಹೆಚ್ಚು ಕುದಿಸಿದಷ್ಟೂ ಖಡಕ್ಕಾಗುತ್ತದೆಂಬುದು ಈ ಸೀಮೆಯ ನಾಲಗೆ ಚಹಾದಿಂದ ಕಲಿತ ಪಾಠ. ಹಾಲು, ಸಕ್ಕರೆ, ಶುಂಠಿಗಳೊಡನೆ ಕೂಡಿ ಉಕ್ಕಿ ಇಳಿಯುವ ಚಹಾದ ವಿಷಯದಲ್ಲಿ ಅದು ಸತ್ಯವೂ ಹೌದು. ಆದರೆ ಅದೇ ನಾಲಗೆಯನ್ನು ಹೊತ್ತು ಎಸ್ಪ್ರೆಸೊ ಯಂತ್ರವೊಂದನ್ನು ಮನೆಗೆ ತಂದುಕೊಂಡವರು ಮೊಟ್ಟಮೊದಲು ಮರೆಯಬೇಕಾದುದು ಆ ಪಾಠವನ್ನೇ. ಕಾಫಿಯ ಕಡುಪು ನಿರ್ಣಯವಾಗುವುದು ಪುಡಿಯ ತೂಕದಿಂದ, ಬೀಸಿದ ನುಣುಪಿನಿಂದ, ಇಳಿಸಿದ ರಸದ ಪ್ರಮಾಣದಿಂದ. ಶಾಖದ ಕಾರ್ಯ ಬೇರೆ: ಬೀಜದಲ್ಲಿ ಅಡಗಿರುವ ಹುಳಿ, ಸಿಹಿ, ಕಹಿ, ಒಗರುಗಳಲ್ಲಿ ಯಾವುದು ಎಷ್ಟು ಹೊರಬರತಕ್ಕದ್ದೆಂಬುದನ್ನು ಅದು ಆಯ್ಕೆಮಾಡುತ್ತದೆ. ಹುಳಿಯ ಅಂಶಗಳು ನೀರಿಗೆ ಬೇಗನೆ ಒಲಿಯುತ್ತವೆ; ಕಹಿ, ಒಗರುಗಳು ತಡೆದು ಬರುತ್ತವೆ. ನೀರು ತಣ್ಣಗಾದರೆ ಹುಳಿಯೊಂದೇ ಮುಂದಾಗಿ ರಸ ತೆಳುವಾಗುತ್ತದೆ. ಅತಿಯಾಗಿ ಕಾದರೆ ಕಹಿಯೂ ಒಗರೂ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತವೆ.

ಈ ಯಂತ್ರದ ಇತಿಹಾಸವೇ ಒಂದರ್ಥದಲ್ಲಿ ಶಾಖವನ್ನು ಒತ್ತಡದಿಂದ ಬಿಡಿಸಿಕೊಂಡ ಇತಿಹಾಸ. ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ನೀರನ್ನು ಪುಡಿಯ ಮೂಲಕ ನೂಕುತ್ತಿದ್ದುದು ಉಗಿಯೇ. ಆದುದರಿಂದ ಒತ್ತಡ ಬೇಕಾದರೆ ನೀರು ಕುದಿಯಲೇಬೇಕಾಗಿತ್ತು, ಕಾಫಿ ಸುಡಲೇಬೇಕಾಗಿತ್ತು. ಅದೇ ನಗರದ ಅಕಿಲೆ ಗಾಜಿಯಾ 1938ರಲ್ಲಿ ಪೇಟೆಂಟ್ ಪಡೆದು, ಮಹಾಯುದ್ಧ ಮುಗಿದ ಮೇಲೆ 1948ರ ಹೊತ್ತಿಗೆ ಹಿಡಿಕೆಯೆಳೆಯುವ ಯಂತ್ರವನ್ನು ರೂಢಿಗೆ ತಂದಾಗ, ಒತ್ತಡವನ್ನು ಹುಟ್ಟಿಸುವ ಹೊಣೆ ಉಗಿಯಿಂದ ಕೊಂತಕ್ಕೆ (ಪಿಸ್ಟನ್ನಿಗೆ) ವರ್ಗವಾಗಿ, ನೀರನ್ನು ಕುದಿಬಿಂದುವಿನ ಕೆಳಗೆ ಬೇಕಾದಲ್ಲಿ ನಿಲ್ಲಿಸುವ ಸ್ವಾತಂತ್ರ್ಯ ಮನುಷ್ಯನಿಗೆ ಲಭಿಸಿತು. ಕಪ್ಪಿನ ಮೇಲೆ ನಿಲ್ಲುವ ಹೊಂಬಣ್ಣದ ದಟ್ಟ ನೊರೆ ಜಗತ್ತಿಗೆ ಪರಿಚಯವಾದದ್ದೂ ಆಗಲೇ. ಮನೆಯ ಯಂತ್ರದ ಗುಂಡಿಯನ್ನೊತ್ತಿ ಎರಡು ಡಿಗ್ರಿ ಇಳಿಸುವ ಇಂದಿನ ರಸಿಕನು ಆ ಸ್ವಾತಂತ್ರ್ಯವನ್ನೇ ಅನುಭವಿಸುತ್ತಿದ್ದಾನೆ.

ಇಟಲಿಯ ಸಂಪ್ರದಾಯದಲ್ಲಿ ಸುಮಾರು 7 ಗ್ರಾಂ ಪುಡಿ, 9 ಬಾರ್ ಒತ್ತಡ, 25 ಸೆಕೆಂಡು, 25 ಮಿಲಿಲೀಟರು ರಸ, ನೀರಿನ ಶಾಖ 88 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಅಲ್ಲಿಯ ಹುರಿತ ಕಪ್ಪು. ಹುರಿತ ತಿಳಿಯಾದಷ್ಟೂ ಬೀಜ ರಸ ಬಿಡಲು ಹಿಂಜರಿಯುವುದರಿಂದ ಶಾಖ ಏರಬೇಕಾಗುತ್ತದೆ: ಕಪ್ಪು ಹುರಿತಕ್ಕೆ 88ರಿಂದ 90, ಮಧ್ಯಮಕ್ಕೆ 92–93, ತಿಳಿಗೆ 94ರಿಂದ 96. ನಮಗೆ ಸಮೀಪದ ಬೀಜವಾದರೂ ಯಾವುದು? ಬಾಬಾಬುಡನ್‌ಗಿರಿಯ ಇಳಿಜಾರಿನ ಅರೇಬಿಕ, ಅದರಲ್ಲಿಯೂ ಬಾಳೆಹೊನ್ನೂರಿನ ಸಂಶೋಧನ ಕೇಂದ್ರದ ಎಸ್. 795 ತಳಿ, ಮಧ್ಯಮ ಹುರಿತದಲ್ಲಿ ಈ ಅಭ್ಯಾಸಕ್ಕೆ ಅತ್ಯಂತ ಯೋಗ್ಯವಾದುದೆಂಬುದು ನನ್ನ ದೃಢವಾದ ಅಭಿಪ್ರಾಯ. ಕೊಡಗಿನ ರೋಬಸ್ಟಾ ಸ್ವಭಾವತಃ ಕಹಿಯಾದ ಕಾರಣ ಅದಕ್ಕೆ ಎರಡು ಡಿಗ್ರಿ ಕಡಿಮೆಯೇ ಲೇಸು. ಚಿಕೋರಿ ಬೆರೆಸಿದ ಪುಡಿಯನ್ನು ಮಾತ್ರ ಕಲಿಯುವ ಕಾಲದಲ್ಲಿ ದೂರವಿಡಬೇಕು; ಅದರ ಕಹಿ ಬೀಜದ ಕಹಿಯೊಡನೆ ಬೆರೆತು ನಾಲಗೆಯ ನಿರ್ಣಯವನ್ನು ಕೆಡಿಸುತ್ತದೆ.

ಈಗ ನಮ್ಮ ಸೀಮೆಗೇ ವಿಶಿಷ್ಟವಾದ ಎರಡು ಸಂಗತಿಗಳನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ. ಈ ಊರುಗಳು ಸಮುದ್ರಮಟ್ಟದಿಂದ ಸುಮಾರು ಆರೇಳುನೂರು ಮೀಟರು ಎತ್ತರದಲ್ಲಿವೆ. ಇಲ್ಲಿ ನೀರು 100ರಲ್ಲಿ ಅಲ್ಲ, 98 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಪಾತ್ರೆಯಲ್ಲಿ ನೀರನ್ನು ಮರಳಕುದಿಸಿ ಅದರಲ್ಲಿ ತಾಪಮಾಪಕವನ್ನದ್ದಿದಾಗ ಅದು 100 ಎಂದು ತೋರಿಸಿದರೆ, ಮಾಪಕ ಸರಿಯಾಗಿದೆಯೆಂದು ಸಂತೋಷಪಡುವ ಬದಲು, ಎರಡು ಡಿಗ್ರಿ ಹೆಚ್ಚು ಹೇಳುತ್ತಿದೆಯೆಂದು ತಿಳಿಯತಕ್ಕದ್ದು. ಯಂತ್ರದೊಳಗಿನ ಬಾಯ್ಲರು ಒತ್ತಡದಲ್ಲಿರುವುದರಿಂದ ಅಲ್ಲಿಯ ನೀರು ಈ ಮೇರೆಯನ್ನು ದಾಟಬಲ್ಲದು. ಆದರೆ ಹೊರಬಿದ್ದೊಡನೆ ಸಿಡಿದು, ಚುಯ್ಯೆಂದು ಉಗಿಯಾಗಿ ಹಾರುತ್ತದೆ. ಪುಡಿ ತುಂಬುವ ಜರಡಿಯ ಹಿಡಿಕೆಯನ್ನು ತೊಡಿಸುವ ಮುನ್ನ ನೀರನ್ನು ಬರಿದೇ ಹರಿಯಬಿಟ್ಟು ಕಿವಿಗೊಟ್ಟು ಕೇಳಿದರೆ, ಆ ಸಿಡಿತ ನಿಂತು ಧಾರೆ ಮೌನವಾಗಿ ನೇರವಾಗಿ ಇಳಿಯತೊಡಗುವ ಗಳಿಗೆಯೇ ಬೈಲಹೊಂಗಲದಲ್ಲಿ 98. ಅಲ್ಲಿಂದ ಮುಂದೆ ಎಷ್ಟು ಹೊತ್ತು ಹರಿಸಬೇಕು ಅಥವಾ ಕಾಯಬೇಕು ಎಂಬುದು ಅವರವರ ಯಂತ್ರವೇ ಕಲಿಸಿಕೊಡುವ ವಿದ್ಯೆ.

ಎರಡನೆಯದು ವಿದ್ಯುತ್ತು. ಹೊಲಗಳ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ನಡೆಯುವ ವೇಳೆಯಲ್ಲಿ ಮನೆಯ ದೀಪ ಮಂಕಾಗುವುದನ್ನು ಕಾಣದವರಾರು? ಕಾಯಿಸುವ ಸುರುಳಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ಇರಬೇಕಾದುದು 180ಕ್ಕೆ ಇಳಿದರೆ ಸುರುಳಿಯಲ್ಲಿ ಉಳಿಯುವುದು ನೂರಕ್ಕೆ ಅರವತ್ತೊಂದರಷ್ಟು ಶಕ್ತಿ ಮಾತ್ರ. ಮೊದಲ ಕಪ್ಪು ಸರಿಯಾಗಿ, ಬೆನ್ನ ಹಿಂದೆಯೇ ಇಳಿಸಿದ ಎರಡನೆಯದು ಹುಳಿಯಾದರೆ, ಬೀಜವನ್ನು ದೂಷಿಸುವ ಮುನ್ನ ದೀಪವನ್ನು ನೋಡಬೇಕು. ಎರಡು ಕಪ್ಪುಗಳ ನಡುವೆ ಇನ್ನಷ್ಟು ಕಾಲ ಬಿಡಬೇಕು, ಅಥವಾ ಸ್ಟೆಬಿಲೈಸರೊಂದನ್ನು ಜೋಡಿಸಬೇಕು. ವಿದ್ಯುತ್ತಿನಂತೆ ನೀರೂ ಶಾಖವನ್ನು ತಡೆಯಬಲ್ಲದು: ಎರೆಭೂಮಿಯ ಬೋರಿನ ಗಡಸು ನೀರಾದರೆ ಸುರುಳಿಯ ಮೇಲೆ ಸುಣ್ಣ ಕಟ್ಟಿ ಶಾಖ ನೀರಿಗೆ ತಡವಾಗಿ ತಲುಪುತ್ತದೆ. ಮಲಪ್ರಭೆಯ ಸಿಹಿನೀರು ನಲ್ಲಿಗೆ ಬರುವ ಮನೆಯವರು ಅದನ್ನೇ ಸೋಸಿ ಬಳಸಲಿ.

ಯಂತ್ರದಲ್ಲಿ ಶಾಖವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಪಿಐಡಿ ಎಂಬ ನಿಯಂತ್ರಕವಿದ್ದರೆ ಬೇಕಾದ ಅಂಕಿಯನ್ನು ಅದರಲ್ಲಿ ನಮೂದಿಸಿದರಾಯಿತು. ಬರಿಯ ಥರ್ಮೋಸ್ಟಾಟ್ ಇರುವ ಸಾಧಾರಣ ಯಂತ್ರದಲ್ಲಿ ಶಾಖವು ಏರಿಳಿಯುತ್ತಲೇ ಇರುವುದರಿಂದ ಅದರ ಲಯವನ್ನು ಹಿಡಿಯಬೇಕು: ಸುರುಳಿ ಕಾಯತೊಡಗುವ ತನಕ ಸ್ವಲ್ಪ ನೀರನ್ನು ಹೊರಬಿಟ್ಟು, ಅದು ಕಾಯುವುದನ್ನು ನಿಲ್ಲಿಸಿತೆಂಬ ಸೂಚನೆ ಯಂತ್ರದ ದೀಪದಿಂದ ದೊರೆತ ಮೇಲೆ, ಪ್ರತಿಸಲವೂ ಅಷ್ಟೇ ಸೆಕೆಂಡುಗಳನ್ನು ಎಣಿಸಿ ಕಾಫಿಯಿಳಿಸುವುದು. ಆ ಸೂಚನೆಯ ಬಳಿಕ ಹೆಚ್ಚು ಹೊತ್ತು ತಡೆದಷ್ಟೂ ನೀರು ತಣಿಯುತ್ತದೆ. ಉರಿಯುವ ದೀಪ ಕೆಲವು ಯಂತ್ರಗಳಲ್ಲಿ ಕಾಯುತ್ತಿದೆಯೆಂದೂ ಕೆಲವುಗಳಲ್ಲಿ ಸಿದ್ಧವಾಗಿದೆಯೆಂದೂ ಹೇಳುವುದರಿಂದ, ಜೊತೆಗೆ ಬಂದ ಪುಸ್ತಿಕೆಯನ್ನು ಓದಿಕೊಳ್ಳುವುದು ಅವಶ್ಯ. ಇದಕ್ಕೆಲ್ಲ ಮೊದಲು ಯಂತ್ರದ ಲೋಹವೆಲ್ಲ ಬಿಸಿಯಾಗಲು ಅರ್ಧ ಗಂಟೆಯಾದರೂ ಕೊಡಬೇಕು. ತಣ್ಣನೆಯ ಹಿಡಿಕೆ, ತಣ್ಣನೆಯ ಕಪ್ಪು ನೀರಿನ ಶಾಖವನ್ನು ಹೀರಿಕೊಂಡುಬಿಡುತ್ತವೆ.

ಇಷ್ಟಾದ ಮೇಲೆ ನಿಜವಾದ ಆಸ್ವಾದದ ಮಾತು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಬೆಲ್ಲವಾಗುವ ಹದವನ್ನು, ತೊಟ್ಟು ಪಾಕವನ್ನು ನೀರಿಗೆ ಬಿಟ್ಟು ಬೆರಳಿನಿಂದ ಅರಿಯುವ ಅನುಭವಿಯಂತೆ, ಎಸ್ಪ್ರೆಸೊದ ಹದವನ್ನು ಕಡೆಗೆ ನಾಲಗೆಯೇ ಹೇಳಬೇಕಲ್ಲದೆ ಅಂಕಿಯಲ್ಲ. ಒಂದೇ ಬೀಜ, ಒಂದೇ ತೂಕ, ಒಂದೇ ಪ್ರಮಾಣದ ರಸ. 89, 92, 95 ಡಿಗ್ರಿಗಳಲ್ಲಿ ಮೂರು ಕಪ್ಪು. ಮೇಲೂ ಕೆಳಗೂ ರುಚಿ ಬೇರೆಯಾಗಿರುವುದರಿಂದ ಚಮಚದಿಂದ ಕಲಕಿ, ನಾಲಗೆ ಸುಡದಷ್ಟು ಆರಿದ ಮೇಲೆ, ನಡುನಡುವೆ ನೀರು ಕುಡಿಯುತ್ತ ಸವಿಯಬೇಕು. ಹುಳಿಯೆಂದರೆ ದೋಷವೆಂದು ಎಣಿಸಲಾಗದು: ಬಾಯಲ್ಲಿ ನೀರೂರಿಸಿ, ಬೇಗನೆ ಕರಗಿ, ಹಿಂದೆ ಸಿಹಿಯನ್ನು ಬಿಟ್ಟುಹೋಗುವ ಹುಳಿ ಬೀಜದ ಸದ್ಗುಣ, ಹಲ್ಲು ಚುಳ್ಳೆನಿಸಿ, ಹಿಂದೆ ಏನನ್ನೂ ಉಳಿಸದ ಹುಳಿ ಶಾಖ ಸಾಲದೆಂಬುದರ ಸೂಚನೆ. ಕಹಿಯಲ್ಲಿಯೂ ಹಾಗೆಯೇ: ಗಂಟಲಿಳಿದು ಶಮಿಸುವ ಕಹಿ ಸಹ್ಯ, ನಾಲಗೆಯನ್ನು ಒಣಗಿಸಿ ಅಂಟಿಕೊಂಡು ನಿಲ್ಲುವುದು ಅತಿಶಾಖದ ಫಲ. ಹಾಲು ಬೆರೆಸಿ ಕುಡಿಯುವುದು ತಪ್ಪಲ್ಲ. ಆದರೆ ಈ ಪರೀಕ್ಷೆ ಮುಗಿಯುವ ತನಕ ಹಾಲೂ ಸಕ್ಕರೆಯೂ ಬೇಡ.

ಹೊಸದಾಗಿ ತೊಡಗುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಹುರಿದ ದಿನಾಂಕವನ್ನು ಮುದ್ರಿಸಿರುವ ಮಧ್ಯಮ ಹುರಿತದ ಚಿಕ್ಕಮಗಳೂರಿನ ಅರೇಬಿಕ ಕಾಲು ಕಿಲೋ ತರಿಸಿಕೊಳ್ಳಿ. 25–30 ಸೆಕೆಂಡಿನಲ್ಲಿ ರಸವಿಳಿಯುವಂತೆ ಬೀಸುವ ನುಣುಪನ್ನು ಮೊದಲು ನಿಲ್ಲಿಸಿಕೊಳ್ಳಿ. ಆಮೇಲೆ 92ರಿಂದ ಆರಂಭಿಸಿ, ಆ ಪೊಟ್ಟಣ ಮುಗಿಯುವ ತನಕ ಮತ್ತಾವುದನ್ನೂ ಮುಟ್ಟದೆ, ಶಾಖವೊಂದನ್ನೇ ಎರಡೆರಡು ಡಿಗ್ರಿ ಏರಿಸಿ ಇಳಿಸಿ ಸವಿದು ನೋಡಿ.