ಬಲೂನಿನೊಳಗಿನ ಕನ್ನಡ

ಅಮರ ಚಿತ್ರಕಥೆ ಹೇಗೆ ಹುಟ್ಟಿತು ಅಂದ್ರೆ ಎಲ್ಲರೂ ಒಂದು ಟೀವಿ ಪ್ರಸಂಗ ಹೇಳ್ತಾರೆ. 1967, ದೆಹಲಿ ದೂರದರ್ಶನದಲ್ಲಿ ಕ್ವಿಜ್. ಗ್ರೀಕ್ ಪುರಾಣದ ಪ್ರಶ್ನೆಗೆ ಪಟಪಟ ಉತ್ತರ ಕೊಟ್ಟ ಹುಡುಗರು ರಾಮನ ತಾಯಿ ಯಾರು ಅಂದಾಗ ತಡವರಿಸಿದ್ರು. ಅದನ್ನು ನೋಡಿದ ಕಾರ್ಕಳದ ಅನಂತ ಪೈ ಚಿತ್ರಕಥೆಗೆ ಕೈ ಹಾಕಿದ್ರು.

ಆದರೆ ಅದಕ್ಕೂ ಮೊದಲೇ, 1965ರಲ್ಲಿ, ಬೆಂಗಳೂರಿನ ಐಬಿಎಚ್‌ನ ಜಿ.ಕೆ. ಅನಂತರಾಮ್ ಇದೇ ಹೆಸರಲ್ಲಿ ಕನ್ನಡ ಪುಸ್ತಕಗಳನ್ನು ತಂದಿದ್ರು. ಸಿಂಡ್ರೆಲಾ ಥರದ ಹೊರದೇಶದ ಕಥೆಗಳು. ಅವು ಚೆನ್ನಾಗಿ ಖರ್ಚಾದ್ದರಿಂದಲೇ ಮುಂಬೈಯವರಿಗೆ ಇಂಗ್ಲಿಷಿನ ಆಸೆ ಹುಟ್ಟಿದ್ದು ಅನ್ನೋದು ಅವರ ಮಾತು. ಅಂದ್ರೆ ಈ ಮಾಲೆ ಮೊದಲು ಮಾತಾಡಿದ್ದು ಕನ್ನಡ. ಪುಟದಿಂದ ತೆರೆಗೆ ಹೋಗುವಾಗ ಆ ಕನ್ನಡ ಏನಾಯ್ತು? ನನ್ನ ತಕರಾರು ಅಷ್ಟೇ.

ಹೆತ್ತೂರಿನ ಮಳೆಗಾಲ ಗೊತ್ತಿದ್ದವರಿಗೆ ಆ 32 ಪುಟದ ಬೆಲೆ ಗೊತ್ತು. ಕರೆಂಟಿಲ್ಲ, ಹೊರಗೆ ಕಾಲಿಡೋ ಹಾಗಿಲ್ಲ. ಓದಲು ಬರೋ ದೊಡ್ಡ ಹುಡುಗ ಓದ್ತಾನೆ, ಚಿಕ್ಕವು ಚಿತ್ರ ನೋಡ್ತವೆ. ಬಲೂನಿನಲ್ಲಿ ಇರೋದು ಗ್ರಂಥದ ಕನ್ನಡವೇ. ಆದರೆ ರಾವಣನ ದನಿ, ಹನುಮಂತನ ನಗು, ಎಲ್ಲ ಓದುವವನದ್ದು. ಒಂದು ಚೌಕದಲ್ಲಿ ಬಾಣ ಬಿಟ್ಟರೆ ಮುಂದಿನದರಲ್ಲಿ ತಲೆ ಉರುಳಿರ್ತದೆ. ನಡುವಿನದ್ದು ನಾವೇ ತುಂಬಿಕೊಳ್ಳಬೇಕು.

1987ರಲ್ಲಿ ರಮಾನಂದ ಸಾಗರರ ರಾಮಾಯಣ ಬಂತು. ಭಾನುವಾರ ಬೆಳಿಗ್ಗೆ, 78 ಕಂತು, ಹಿಂದಿಯಲ್ಲಿ. ಕಿರೀಟ, ಪ್ರಭಾವಳಿ, ಗಾಳಿಯಲ್ಲಿ ಡಿಕ್ಕಿ ಹೊಡೆಯೋ ಬಾಣ, ಎಲ್ಲ ಚಿತ್ರಕಥೆ ಓದಿದವರಿಗೆ ಪರಿಚಯದ್ದೇ. ಹಿಂದಿ ಬಾರದ ಮಲೆನಾಡಿನ ಮಂದಿಗೆ ಅದು ಅರ್ಥವಾಗಿದ್ದು ಯಕ್ಷಗಾನ, ಗಮಕ, ಈ ಪುಸ್ತಕಗಳ ಬಲದಿಂದ. ಆದರೆ ಒಂದು ದೊಡ್ಡ ಬದಲಾವಣೆಯೂ ಆಯ್ತು. ಪುಟದ ಮೇಲೆ ರಾಮ ನೀಲಿ, ಅಂದ್ರೆ ಅವನು ಯಾರ ಥರವೂ ಇಲ್ಲ. ಟೀವಿಯಲ್ಲಿ ಅವನು ಅರುಣ್ ಗೋವಿಲ್. ಜನ ನಟನ ಕಾಲಿಗೇ ಬಿದ್ರು. ಹತ್ತಾರು ರಾಮರು ಹೋಗಿ ಒಬ್ಬ ರಾಮ, ಒಂದೇ ದನಿ ಉಳೀತು.

ಕೊನೆಗೆ ಕಂಪನಿಯೇ ಸಿನಿಮಾ ಮಾಡ್ತು. 2012ರ ‘ಸನ್ಸ್ ಆಫ್ ರಾಮ್’, ಕುಶಾಲ್ ರುಯಾ ನಿರ್ದೇಶನದ ಅನಿಮೇಷನ್. ಲವ–ಕುಶರನ್ನು ಆರಿಸಿದ್ದು ಜಾಣತನ. ಮಕ್ಕಳ ಕಥೆಗೆ ಮಕ್ಕಳೇ ನಾಯಕರು. ಆದರೆ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಸೀತೆಯನ್ನು ಕಾಡಿಗೆ ಬಿಡುವ ಭಾಗವನ್ನು ಗಮಕಿಯ ಬಾಯಲ್ಲಿ ಕೇಳಿದವರಿಗೆ ಗೊತ್ತು, ಕಥೆಯ ತೂಕ ಇರೋದು ಸಾಹಸದಲ್ಲಲ್ಲ, ಆ ತಾಯಿಯಲ್ಲಿ.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ರಾಕ್ಷಸ ಅಂದ್ರೆ ಕಪ್ಪು, ಒಳ್ಳೆಯವರು ಅಂದ್ರೆ ಬಿಳುಪು ಅಂತ ಬರೆದಿದ್ದು ಆ ಪುಟಗಳೇ. ನನ್ನ ಬೇಸರ ಏನಂದ್ರೆ, ತೆರೆ ಆ ಹುಳುಕನ್ನು ಉಳಿಸಿಕೊಂಡಿತು, ಓದುವವನಿಗಿದ್ದ ಜಾಗವನ್ನು ಕಿತ್ತುಕೊಂಡಿತು. ಅದರ ಮೇಲೆ ಡಬ್ಬಿಂಗ್ ಬೇಡ ಅನ್ನೋ ನಮ್ಮವರ ಹಟ ಬೇರೆ. 2020ರ ಲಾಕ್‌ಡೌನಲ್ಲಿ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡದಲ್ಲಿ ಬರೋ ಹೊತ್ತಿಗೆ, ರಾಮಾಯಣವನ್ನು ಹಿಂದಿಯಲ್ಲೇ ನೋಡಿದ ಮಕ್ಕಳು ಅಪ್ಪ–ಅಮ್ಮ ಆಗಿದ್ರು.

ಮನೇಲಿ ಹಳೇ ಅಮರ ಚಿತ್ರಕಥೆ ಇದ್ರೆ ಮಕ್ಕಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ ನೋಡಿ. ರಾವಣ ಹೆತ್ತೂರಿನ ಕನ್ನಡದಲ್ಲಿ ಗದರಿದ್ರೆ ತಿದ್ದೋಕೆ ಹೋಗಬೇಡಿ.