ಹತ್ತಿ ಬೀಜದ ಇಜಾರಾದಾರಿ

ಸರಕು ಅವರದು, ದರವೂ ಅವರದು, ಬೇಡವಾದವರು ಕೊಳ್ಳದಿದ್ದರಾಯಿತು. ದೊಡ್ಡ ಕಂಪನಿಗಳಿಗೆ ಕಾನೂನಿನ ಕಡಿವಾಣ ಏಕೆಂದು ಕೇಳುವವರ ವಾದ ಇದು. ಕೇಳಲು ನ್ಯಾಯವೆನಿಸುವ ಈ ಮಾತನ್ನು ನಾವು ಹಿರಿಯೂರಿನ ಎರೆಹೊಲದಲ್ಲಿ ಇಟ್ಟು ನೋಡೋಣ.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಮಹಿಕೋ-ಮಾನ್ಸಾಂಟೋ ಬಯೋಟೆಕ್ ತನ್ನ ವಂಶವಾಹಿಯನ್ನು ಹತ್ತಾರು ದೇಶೀಯ ಬೀಜ ಕಂಪನಿಗಳಿಗೆ ಶುಲ್ಕದ ಮೇಲೆ ಕೊಟ್ಟಿತು. ಅಂಗಡಿಯಲ್ಲಿ ಪೊಟ್ಟಣದ ಹೆಸರು ಬೇರೆ ಬೇರೆ, ಒಳಗಿನ ಗುಣ ಒಂದೇ. ಕ್ರಮೇಣ ದೇಶದ ಹತ್ತಿ ಹೊಲಗಳಲ್ಲಿ ಶೇ. 90ಕ್ಕೂ ಹೆಚ್ಚು ಬಿಟಿಯಾಯಿತು. ಹೊಸದುರ್ಗದ ತೆಂಗಿನವರು, ಹೊಳಲ್ಕೆರೆಯ ಅಡಿಕೆಯವರು ತಮ್ಮ ತೋಟದ ಕಾಯಿಂದಲೇ ಸಸಿ ಮಾಡಿಕೊಳ್ಳಬಲ್ಲರು. ಹೈಬ್ರಿಡ್ ಹತ್ತಿಯವನು ಮುಂಗಾರು ಬಂದಾಗಲೆಲ್ಲ ಅಂಗಡಿಗೇ ಹೋಗಬೇಕು.

450 ಗ್ರಾಂ ಪೊಟ್ಟಣಕ್ಕೆ 1,250 ರೂಪಾಯಿ ಬರೀ ತಂತ್ರಜ್ಞಾನದ ಶುಲ್ಕ! 2006ರಲ್ಲಿ ಆಂಧ್ರ ಸರ್ಕಾರ ಅಂದಿನ ಏಕಸ್ವಾಮ್ಯ ನಿಯಂತ್ರಣ ಆಯೋಗಕ್ಕೆ ದೂರು ಕೊಟ್ಟಿತು. ಚೀನಾದಲ್ಲಿ ಇದಕ್ಕಿಂತ ತೀರಾ ಕಡಿಮೆ ಶುಲ್ಕವಿದ್ದುದನ್ನು ಗಮನಿಸಿದ ಆಯೋಗ, ಶುಲ್ಕ ಇಳಿಸುವಂತೆ ಮೇ ತಿಂಗಳಲ್ಲಿ ಆದೇಶಿಸಿತು. ಇಡೀ ಪೊಟ್ಟಣದ ಬೆಲೆಯೇ 750 ರೂಪಾಯಿಗೆ ಬಂತು.

2009ರಲ್ಲಿ ಜಾರಿಗೆ ಬಂದ ಸ್ಪರ್ಧಾ ಕಾಯ್ದೆಯ 4ನೇ ಕಲಮಿನ ಪ್ರಕಾರ ದೊಡ್ಡವನಾಗಿರುವುದು ಅಪರಾಧವಲ್ಲ, ದೊಡ್ಡಸ್ತಿಕೆಯ ದುರುಪಯೋಗ ಅಪರಾಧ. ಸಂತೆಯ ಹತ್ತು ವ್ಯಾಪಾರಿಗಳಲ್ಲಿ ಒಬ್ಬ ಮೊಂಡುತನ ಮಾಡಿದರೆ ಗಿರಾಕಿ ಪಕ್ಕದವನ ಬಳಿ ಹೋಗುತ್ತಾನೆ. ಇಡೀ ಸಂತೆ ಒಬ್ಬನ ಬಾಗಿಲಲ್ಲಿ ನಿಂತಾಗ ಅವನ ಷರತ್ತೇ ಕಾನೂನಾಗುತ್ತದೆ. 2016ರ ಫೆಬ್ರವರಿಯಲ್ಲಿ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿದ್ದೂ ಇದಕ್ಕೇ: ಬೀಜ ಕಂಪನಿಗಳು ಪ್ರತಿಸ್ಪರ್ಧಿಯ ಕಡೆ ಮುಖ ಮಾಡದಂತೆ ತಡೆಯುವ ಷರತ್ತುಗಳು ಒಪ್ಪಂದದಲ್ಲಿವೆ ಎಂದು ಅದಕ್ಕೆ ಮೇಲ್ನೋಟಕ್ಕೆ ಕಂಡಿತ್ತು.

ಶುಲ್ಕ ಕತ್ತರಿಸಿದರೆ ಸಂಶೋಧನೆ ಮಾಡುವವರಾರು ಎಂಬ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಅದೇ ವರ್ಷ ಕೇಂದ್ರ ಸರ್ಕಾರ ಬೋಲ್‌ಗಾರ್ಡ್-2ರ ಶುಲ್ಕವನ್ನು 49 ರೂಪಾಯಿಗೆ ಇಳಿಸಿದಾಗ ಹೊಸ ತಳಿಯ ಅನುಮತಿಗೆ ಸಲ್ಲಿಸಿದ್ದ ಅರ್ಜಿಯೇ ವಾಪಸಾಯಿತು. ನಷ್ಟ ನಿಜ. ಆದರೆ ಒಬ್ಬರು ಮುನಿಸಿಕೊಂಡರೆ ಇಡೀ ದೇಶದ ಹತ್ತಿ ಕಾಯಬೇಕಾಗುವ ಸ್ಥಿತಿಯೂ ಅಲ್ಲಿಯೇ ಬಯಲಾಯಿತಲ್ಲ!

ಏಕಸ್ವಾಮ್ಯ ಎಂಬ ಮಾತಿನಲ್ಲಿ ಒಬ್ಬ ಸ್ವಾಮಿ ಕೂತಿದ್ದಾನೆ. ಉರ್ದುವಿನಲ್ಲಿ ಅದಕ್ಕೆ ಇಜಾರಾದಾರಿ ಎನ್ನುತ್ತಾರೆ; ಇಜಾರ ಎಂದರೆ ಗುತ್ತಿಗೆ. ಪೇಟೆಂಟೂ ಇಪ್ಪತ್ತು ವರ್ಷದ ಗುತ್ತಿಗೆಯೇ. ಕೊಟ್ಟವರಿಗೆ ಕರಾರು ಕೇಳುವ ಹಕ್ಕಿದೆ. 2023ರ ಜುಲೈಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಪೇಟೆಂಟ್ ಪರವಾನಗಿಯ ವಿಷಯದಲ್ಲಿ ಪೇಟೆಂಟ್ ಕಾಯ್ದೆಯೇ ಮೇಲು ಎಂದು ಹೇಳಿ ಸ್ಪರ್ಧಾ ಆಯೋಗದ ಕೈ ಕಟ್ಟಿತು. ಈ ತೀರ್ಪು ನಮಗೆ ಒಪ್ಪಿಗೆಯಾಗುವುದಿಲ್ಲ. ಪೇಟೆಂಟ್ ಕಾಯ್ದೆ ನೋಡುವುದು ಒಂದು ಪರವಾನಗಿಯನ್ನು. ಇಡೀ ಮಾರುಕಟ್ಟೆಯನ್ನು ನೋಡಲೆಂದೇ ಇನ್ನೊಂದು ಕಾಯ್ದೆ ಬಂದದ್ದು.

ಚಿತ್ರದುರ್ಗದ ಕಡೆ ಹತ್ತಿ ಬಿಟ್ಟು ಮೆಕ್ಕೆಜೋಳಕ್ಕೆ ಹೊರಳಿದವರು ಅನೇಕರು. ಆ ಬೀಜವೂ ಹೈಬ್ರಿಡ್, ಅದನ್ನೂ ವರ್ಷವರ್ಷ ಕೊಳ್ಳಬೇಕು. ಆದರೆ ಅಲ್ಲಿ ಎಲ್ಲ ಪೊಟ್ಟಣಗಳೊಳಗೆ ಒಬ್ಬನೇ ಯಜಮಾನನಿಲ್ಲ, ಚೌಕಾಸಿಗೆ ಅಷ್ಟಾದರೂ ಜಾಗವಿದೆ.