ಒಂದು ಶಿಲಿಂಗಿನ ಪಾಠ

ಜಾರ್ಜ್ ಬರ್ನಾರ್ಡ್ ಶಾ ಅವರ 'ಪಿಗ್ಮೇಲಿಯನ್' ನಾಟಕ ಬಹುತೇಕರಿಗೆ ನೆನಪಿರುವುದು ಒಬ್ಬ ಮೇಷ್ಟ್ರ ಗೆಲುವಿನ ಕಥೆಯಾಗಿ. ಲಂಡನ್ನಿನ ಬೀದಿಯಲ್ಲಿ ಹೂ ಮಾರುವ ಎಲಿಜಾ ಡೂಲಿಟಲ್ ಎಂಬ ಹುಡುಗಿಯ ಇಂಗ್ಲಿಷ್ ಉಚ್ಚಾರವನ್ನು ಪ್ರೊಫೆಸರ್ ಹಿಗಿನ್ಸ್ ಆರು ತಿಂಗಳಲ್ಲಿ ತಿದ್ದಿ, ಶ್ರೀಮಂತರ ಸಭೆಯಲ್ಲಿ ಅವಳನ್ನು ರಾಜಮನೆತನದ ಹೆಣ್ಣೆಂದು ನಂಬಿಸುತ್ತಾನೆ. ನಾಟಕ ಮೊದಲು ರಂಗಕ್ಕೆ ಬಂದದ್ದು 1913ರಲ್ಲಿ, ವಿಯೆನ್ನಾದಲ್ಲಿ. 1964ರಲ್ಲಿ 'ಮೈ ಫೇರ್ ಲೇಡಿ' ಸಿನಿಮಾ ಬಂದ ಮೇಲಂತೂ ಆ ಗೆಲುವೇ ಕಥೆಯ ಸಾರವಾಗಿಬಿಟ್ಟಿತು. ನಮ್ಮ ಬಸ್ ಸ್ಟ್ಯಾಂಡುಗಳ ಎದುರಿನ ಮಹಡಿಗಳಲ್ಲಿ 'ಮೂವತ್ತು ದಿನಗಳಲ್ಲಿ ನಿರರ್ಗಳ ಇಂಗ್ಲಿಷ್' ಎಂದು ತೂಗುವ ಬೋರ್ಡುಗಳು ಮಾರುತ್ತಿರುವುದೂ ಇದೇ ಕಥೆಯನ್ನು.

ಆದರೆ ನಾಟಕದ ಎರಡನೆಯ ಅಂಕವನ್ನು ನಿಧಾನವಾಗಿ ಓದಿದರೆ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಎಲಿಜಾಳನ್ನು ಯಾರೂ ಕರೆತಂದದ್ದಲ್ಲ, ಅವಳಾಗಿಯೇ ಬರುತ್ತಾಳೆ. ಇದ್ದುದರಲ್ಲಿ ಒಳ್ಳೆಯ ಹ್ಯಾಟು ಧರಿಸಿ, ಟ್ಯಾಕ್ಸಿಯಲ್ಲಿ ಬರುತ್ತಾಳೆ. ಬೀದಿ ಮೂಲೆ ಬಿಟ್ಟು ಹೂವಿನ ಅಂಗಡಿಯೊಳಗೆ ಕೆಲಸ ಮಾಡಬೇಕು, ಅದಕ್ಕೆ ಮಾತು ಸ್ವಲ್ಪ ನಯವಾಗಬೇಕು: ಅವಳಿಗೆ ಬೇಕಾದದ್ದು ಇಷ್ಟೇ. ಫೀಸಿನ ಲೆಕ್ಕವನ್ನೂ ಹಾಕಿಕೊಂಡೇ ಬಂದಿದ್ದಾಳೆ. ಗೆಳತಿಯೊಬ್ಬಳು ಫ್ರೆಂಚ್ ಕಲಿಯಲು ಗಂಟೆಗೆ ಹದಿನೆಂಟು ಪೆನ್ಸ್ ಕೊಡುತ್ತಾಳೆ. ತನಗೆ ಕಲಿಸುವುದು ತನ್ನದೇ ಭಾಷೆ, ಹಾಗಾಗಿ ಒಂದು ಶಿಲಿಂಗ್ ಸಾಕು. ಅವಳ ದಿನದ ಗಳಿಕೆಯ ಲೆಕ್ಕದಲ್ಲಿ ಅದು ಒಬ್ಬ ಕೋಟ್ಯಧೀಶ ಅರವತ್ತು ಪೌಂಡ್ ಕೊಟ್ಟಂತೆ ಎಂದು ಸ್ವತಃ ಹಿಗಿನ್ಸನೇ ಹೇಳುತ್ತಾನೆ. ಹೇಳಿ, ಮರೆಯುತ್ತಾನೆ. ಗೆಳೆಯ ಕರ್ನಲ್ ಪಿಕರಿಂಗ್ ಜೊತೆ ಪಂದ್ಯ ಕಟ್ಟಿದ ಗಳಿಗೆಯಿಂದ ಹೂವಿನ ಅಂಗಡಿ ಮೂಲೆಗೆ ಸರಿದು, ಅವಳನ್ನು ಡಚೆಸ್ ಮಾಡಿ ತೋರಿಸುವುದೇ ಗುರಿಯಾಗುತ್ತದೆ. ಕಲಿಯಲು ಬಂದವಳ ಆಸೆಯ ಜಾಗದಲ್ಲಿ ಕಲಿಸುವವನ ಆಸೆ ಬಂದು ಕೂರುತ್ತದೆ.

ದೊಡ್ಡವರಿಗೆ ಉಚ್ಚಾರ ಕಲಿಸುವ ಕೆಲಸ ಹಳ್ಳ ಹಿಡಿಯುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಮಗು ಯಾಕೆಂದು ಕೇಳದೆ ಕಲಿಯುತ್ತದೆ. ನಲವತ್ತರ ಹೆಂಗಸೊಬ್ಬಳು ತರಗತಿಯ ಮೆಟ್ಟಿಲು ಹತ್ತುವಾಗ ಅವಳ ಮನಸ್ಸಿನಲ್ಲಿ ಬ್ಯಾಂಕಿನ ಕೌಂಟರೋ, ಮಗನ ಶಾಲೆಯ ಹೆಡ್‌ಮೇಡಮ್ಮೋ, ಗಲ್ಫ್ ಕೆಲಸದ ಸಂದರ್ಶನವೋ ಇರುತ್ತದೆ. ಲಂಡನ್ ಇರುವುದಿಲ್ಲ.

ಮೂರನೆಯ ಅಂಕದಲ್ಲಿ ಶಾ ಈ ಪಂದ್ಯದ ಪೊಳ್ಳುತನವನ್ನು ಬಯಲಿಗೆ ಎಳೆಯುತ್ತಾರೆ. ಹಿಗಿನ್ಸನ ತಾಯಿಯ ಮನೆಗೆ ಬಂದ ಎಲಿಜಾಳ ಉಚ್ಚಾರದಲ್ಲಿ ಒಂದು ಕೂದಲೆಳೆಯ ದೋಷವಿಲ್ಲ. ಆದರೆ ಆ ನಯವಾದ ಸ್ವರದಲ್ಲಿ ಅವಳು ಹೇಳುವುದು ತನ್ನ ಚಿಕ್ಕಮ್ಮ ಸತ್ತದ್ದು ಇನ್‌ಫ್ಲುಯೆಂಜಾದಿಂದಲ್ಲ, ಯಾರೋ ಮುಗಿಸಿಬಿಟ್ಟರು ಎಂಬ ಸುದ್ದಿ. ನಗು ಉಕ್ಕುತ್ತದೆ, ಸರಿ. ಜೊತೆಗೆ ಬಾಯಿಯ ಕಸರತ್ತೇ ಭಾಷೆಯಲ್ಲ ಎಂಬುದೂ ತಾನಾಗಿ ತಿಳಿಯುತ್ತದೆ. 1938ರ ಸಿನಿಮಾಗೆಂದು ಶಾ ಸೇರಿಸಿದ ದೃಶ್ಯ ಇನ್ನೂ ಹರಿತವಾದದ್ದು. ಅಲ್ಲಿ ಹಿಗಿನ್ಸನ ಹಳೆಯ ಶಿಷ್ಯನೊಬ್ಬ ಎಲಿಜಾಳ ಮಾತು ಕೇಳಿ, ಇವಳು ಇಂಗ್ಲಿಷಿನವಳೇ ಅಲ್ಲ, ಹಂಗೇರಿಯ ರಾಜಕುಮಾರಿ ಎಂದು ತೀರ್ಪು ಕೊಡುತ್ತಾನೆ. ಕಾರಣ, ಇಂಗ್ಲಿಷ್ ಮನೆಮಾತಾದವರು ಇಷ್ಟು ಅಚ್ಚುಕಟ್ಟಾಗಿ ಅದನ್ನು ಆಡುವುದಿಲ್ಲ!

(ಅಂದಹಾಗೆ, 'ಮೈ ಫೇರ್ ಲೇಡಿ'ಯಲ್ಲಿ ಎಲಿಜಾ ಪಾತ್ರ ಮಾಡಿದ ಆಡ್ರಿ ಹೆಪ್‌ಬರ್ನ್‌ರ ಹಾಡುಗಳಲ್ಲಿ ಹೆಚ್ಚಿನವಕ್ಕೆ ದನಿ ಕೊಟ್ಟವರು ಮಾರ್ನಿ ನಿಕ್ಸನ್. ದನಿಯನ್ನು ತಿದ್ದುವ ಕಥೆಯಲ್ಲೇ ನಾಯಕಿಯ ದನಿ ಸಾಲದಾಯಿತು.)

ಉರ್ದು ಬಲ್ಲವರಿಗೆ ಈ ಏಣಿ ಹೊಸದಲ್ಲ. ಒಬ್ಬನ ಮಾತು ಶುದ್ಧವಾಗಿದೆ ಎನ್ನಲು ಉರ್ದುವಿನಲ್ಲಿ 'ಶೀನ್ ಕಾಫ್ ದುರಸ್ತ್' ಎನ್ನುತ್ತಾರೆ. ನಮ್ಮ ದಖ್ಖನಿ ಮನೆಗಳಲ್ಲಿ ಕಾಫ್ 'ಖ' ಆಗುತ್ತದೆ, ಕಲಮ್ 'ಖಲಮ್' ಆಗುತ್ತದೆ; ಉತ್ತರದವರು ನಗುತ್ತಾರೆ. ನಕ್ಕಿಸಿಕೊಂಡ ನಾವು, ಪಕ್ಕದವನು 'ಜ಼ೂ' ಅನ್ನುವಲ್ಲಿ 'ಜೂ' ಅಂದಾಗ ನಗುತ್ತೇವೆ. 'ಹಾಲು' ಎನ್ನದೆ 'ಆಲು' ಎನ್ನುವವನನ್ನು ಕನ್ನಡದ ಪಂಡಿತ ಹಂಗಿಸುತ್ತಾನೆ. ಎಲಿಜಾಳ ಬಾಯಲ್ಲೂ ನಿಲ್ಲದಿದ್ದ ಅಕ್ಷರ ಅದೇ 'ಹ'ಕಾರ. ಮರಾಠಿಯಲ್ಲಿ ಪು.ಲ. ದೇಶಪಾಂಡೆಯವರ 'ತೀ ಫುಲರಾಣಿ', ಕನ್ನಡದಲ್ಲಿ ಜಯಂತ ಕಾಯ್ಕಿಣಿಯವರ 'ಸೇವಂತಿ ಪ್ರಸಂಗ' ಆಗಿ ಈ ನಾಟಕ ಇಲ್ಲಿ ಬೇರು ಬಿಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ಉಚ್ಚಾರ ಕಲಿಸುವುದೇ ಬೇಡವೇ? ಖಂಡಿತ ಬೇಕು. ಯಾವುದನ್ನು ಕಲಿಸಬೇಕು ಎಂಬುದೇ ಪ್ರಶ್ನೆ. ನಮ್ಮ ತರಗತಿಗಳು 'ಇಸ್ಕೂಲ್', 'ಯೆಗ್ಗು', 'ವೋನ್ಲಿ'ಗಳನ್ನು ಹಿಡಿದು ಜಗ್ಗುತ್ತವೆ; ನಾಲಿಗೆಯನ್ನು ಹಲ್ಲುಗಳ ನಡುವೆ ಇಡಿಸಿ 'ಥ್ಯಾಂಕ್ಸ್' ಹೇಳಿಸುತ್ತವೆ. ಇವುಗಳಲ್ಲಿ ಬಹುಪಾಲು ಕೇಳುವವನಿಗೆ ನಗು ತರಿಸಬಹುದು, ಅರ್ಥ ಕೆಡಿಸುವುದಿಲ್ಲ. ಅರ್ಥ ಕೆಡಿಸುವುದು ಒತ್ತು. ಕನ್ನಡದಲ್ಲಿ ಪದದ ಅಕ್ಷರಗಳನ್ನು ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಆಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಏರಿದರೆ ಪಕ್ಕದ್ದು ಸೊರಗಬೇಕು. 'ಫೋಟೋಗ್ರಾಫ್'ನಲ್ಲಿ ಮೊದಲ ಅಕ್ಷರಕ್ಕೆ ಬಿದ್ದ ಒತ್ತು 'ಫೊಟಾಗ್ರಫರ್' ಆದಾಗ ಎರಡನೆಯದಕ್ಕೆ ಜಿಗಿಯುತ್ತದೆ. ಇದನ್ನು ಹೇಳಿಕೊಡದೆ ಎಷ್ಟು ಪದ ಉರು ಹೊಡೆಸಿದರೂ ಫಲ ಕಡಿಮೆ. ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯ ಆರ್.ಕೆ. ಬನ್ಸಲ್ 1969ರಷ್ಟು ಹಿಂದೆಯೇ, ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರಲು ತಪ್ಪು ಒತ್ತು ದೊಡ್ಡ ಕಾರಣಗಳಲ್ಲೊಂದು ಎಂದು ತೋರಿಸಿದ್ದರು. 2000ದಲ್ಲಿ ಜೆನಿಫರ್ ಜೆಂಕಿನ್ಸ್ ತಮ್ಮ ಪುಸ್ತಕದಲ್ಲಿ, ಬೇರೆ ಬೇರೆ ದೇಶದವರು ಇಂಗ್ಲಿಷಿನಲ್ಲಿ ಮಾತಾಡುವಾಗ ಆ 'ಥ'ಕಾರದ ಕಸರತ್ತಿನ ಅಗತ್ಯವೇ ಇಲ್ಲ, ಸ್ವರದ ಹ್ರಸ್ವ-ದೀರ್ಘ ಮತ್ತು ವಾಕ್ಯದಲ್ಲಿ ಒತ್ತು ಬೀಳುವ ಜಾಗ ಮುಖ್ಯ ಎಂದು ವಾದಿಸಿದರು. ಗಲ್ಫಿಗೆ ಹೋದ ನಮ್ಮ ಕರಾವಳಿಯ ಹುಡುಗ ಇಂಗ್ಲಿಷಿನಲ್ಲಿ ವ್ಯವಹರಿಸುವುದು ಮಲಯಾಳಿ, ಫಿಲಿಪಿನೋ, ಅರಬರ ಜೊತೆ. ಆ ಮಾತುಕತೆಯಲ್ಲಿ ಇಂಗ್ಲೆಂಡಿನವನು ಇರುವುದೇ ಅಪರೂಪ.

2000ದ ಆಸುಪಾಸಿನಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳು ಹಿಗಿನ್ಸನ ಪಂದ್ಯವನ್ನೇ ಉದ್ಯಮವಾಗಿಸಿದವು. ತಾಯ್ನುಡಿಯ ಛಾಯೆಗೆ ಅಲ್ಲಿ 'ಎಂಟಿಐ' ಎಂಬ ಹೆಸರು, ಕೇಳಿದರೆ ಯಾವುದೋ ಕಾಯಿಲೆಯೆನ್ನಬೇಕು. ಈಗ ಮಾತಾಡುತ್ತಿರುವಾಗಲೇ ಉಚ್ಚಾರವನ್ನು ಬದಲಿಸಿ ಕೇಳುಗನ ಕಿವಿಗೆ ತಲುಪಿಸುವ ಸಾಫ್ಟ್‌ವೇರ್ ಕೂಡ ಬಂದಿದೆ. ಹಿಗಿನ್ಸನಿಗೇ ಕೆಲಸವಿಲ್ಲ.

ಗೌರಿ ಶಿಂಧೆಯವರ 'ಇಂಗ್ಲಿಷ್ ವಿಂಗ್ಲಿಷ್' (2012) ನನಗೆ ಇಷ್ಟವಾಗುವುದು ಅದು ಶಿಲಿಂಗನ್ನು ಮರೆಯದ ಕಾರಣಕ್ಕೆ. ಶ್ರೀದೇವಿ ಅಭಿನಯಿಸಿದ ಶಶಿ 'ಜ್ಯಾಜ಼್' ಎಂಬ ಪದವನ್ನು ಸರಿಯಾಗಿ ಆಡಲಾಗದೆ ಮನೆಯವರ ನಗೆಗೆ ಗುರಿಯಾಗುತ್ತಾಳೆ. ನ್ಯೂಯಾರ್ಕಿನಲ್ಲಿ ಅವಳು ಇಂಗ್ಲಿಷ್ ತರಗತಿಗೆ ಸೇರುವುದು ಲಡ್ಡು ಮಾರಿ ಕೂಡಿಟ್ಟ ಹಣದಿಂದ. ಅಲ್ಲಿನ ಮೇಷ್ಟ್ರು ಅವಳ ನಾಲಿಗೆಗಿಂತ ಮೊದಲು ಅವಳ ಕಸುಬಿನ ಕಡೆ ನೋಡಿ, 'ಆಂತ್ರಪ್ರನರ್' ಎಂಬ ಪದ ಕೊಡುತ್ತಾರೆ. ಆ ಕಠಿಣ ಪದವನ್ನು ಅವಳು ಮತ್ತೆ ಮತ್ತೆ ಹೇಳಿ ಪಳಗಿಸಿಕೊಳ್ಳುವುದು ಅದು ತನ್ನ ಹೆಸರೆಂಬ ಕಾರಣಕ್ಕೆ. ನಾಲ್ಕು ವಾರದಲ್ಲಿ ಭಾಷೆ ಬರುತ್ತದೆಂಬುದು ಮಾತ್ರ ಶುದ್ಧ ಸಿನಿಮಾ. 1977ರ ಬ್ರಿಟಿಷ್ ಧಾರಾವಾಹಿ 'ಮೈಂಡ್ ಯುವರ್ ಲ್ಯಾಂಗ್ವೇಜ್'ನಲ್ಲೂ ಇಂಥದೇ ವಯಸ್ಕರ ತರಗತಿಯಿದೆ, ಪಾಕಿಸ್ತಾನದ ಅಲಿ ನದೀಮ್ ಇದ್ದಾನೆ, ನೇಯ್ಗೆಯ ಕಡ್ಡಿ ಹಿಡಿದ ಜಮೀಲಾ ಇದ್ದಾಳೆ. ಆದರೆ ಅವರು ಯಾಕೆ ಕಲಿಯುತ್ತಿದ್ದಾರೆ ಎಂದು ವಿಚಾರಿಸುವ ವ್ಯವಧಾನ ಆ ನಗೆಗೆ ಇಲ್ಲ.

ತನ್ನ ನಿಜವಾದ ಕಲಿಕೆ ಶುರುವಾದದ್ದು ಕರ್ನಲ್ ಪಿಕರಿಂಗ್ ತನ್ನನ್ನು 'ಮಿಸ್ ಡೂಲಿಟಲ್' ಎಂದು ಕರೆದ ದಿನ ಎಂದು ಎಲಿಜಾ ಕೊನೆಯ ಅಂಕದಲ್ಲಿ ಹೇಳುತ್ತಾಳೆ. ಹಿಗಿನ್ಸ್ ಎದುರೇ ಇರುತ್ತಾನೆ. ಇಷ್ಟಾದರೂ ಪ್ರೇಕ್ಷಕರಿಗೆ ಅವರಿಬ್ಬರ ಮದುವೆಯೇ ಬೇಕಿತ್ತು. ಬೇಸತ್ತ ಶಾ ನಾಟಕ ಮುದ್ರಿಸುವಾಗ ಒಂದು ಉಪಸಂಹಾರ ಬರೆದು ಮುಂದಿನ ಕಥೆ ಹೇಳಿದರು. ಎಲಿಜಾ ಫ್ರೆಡಿಯನ್ನು ಮದುವೆಯಾಗುತ್ತಾಳೆ. ಕರ್ನಲ್ ಸಾಹೇಬರ ಹಣದಿಂದ ಇಬ್ಬರೂ ಹೂವಿನ ಅಂಗಡಿ ತೆರೆಯುತ್ತಾರೆ. ಶುರುವಿನಲ್ಲಿ ಅಂಗಡಿ ನಷ್ಟದಲ್ಲೇ ನಡೆಯುತ್ತದೆ, ಏಕೆಂದರೆ ಡಚೆಸ್‌ಳಂತೆ ಮಾತಾಡಬಲ್ಲ ಆ ಹುಡುಗಿಗೆ ಲೆಕ್ಕ ಬರೆಯಲು ಯಾರೂ ಹೇಳಿಕೊಟ್ಟಿರಲಿಲ್ಲ. ಗಂಡಹೆಂಡತಿ ಮತ್ತೆ ತರಗತಿಗಳಿಗೆ ಸೇರಿ ಅದನ್ನು ಕಲಿಯಬೇಕಾಗುತ್ತದೆ.